ಎದುರು ಕೂತವರು

ನಮ್ಮ ಊರಿನಲ್ಲಿ ಯಾರ ಮನೆಗೆ ಹೋದರೂ ಹೊಸ್ತಿಲ ಹೊರಗೆ ನಿಂತು ಮೊದಲು ಹೆಸರು ಹೇಳಬೇಕು. ಸಂತೆಗೆ ಹೋಗಿ ಅರ್ಧ ತಾಸಿಗೆ ತಿರುಗಿ ಬಂದ ಗಂಡನೂ ಹೇಳಬೇಕು, ಶಾಲೆಯಿಂದ ಬಂದ ಮಗಳೂ ಹೇಳಬೇಕು. ‘ನಾನವ್ವಾ, ನಿನ್ನ ಮಗಳು, ಸಣ್ಣಾಕಿ’ ಎಂದು ಹೇಳಿ, ಒಳಗಿನಿಂದ ‘ಬಾ’ ಎಂದ ಮೇಲೆಯೇ ಚಪ್ಪಲಿ ಬಿಡುವುದು. ಪರವೂರಿನ ನೆಂಟರಿಗೆ ಮೊದಮೊದಲು ಇದು ನಗೆಪಾಟಲಾಗಿ ಕಾಣುತ್ತದೆ. ನಾಲ್ಕು ದಿನ ಇದ್ದು ಹೋಗುವಷ್ಟರಲ್ಲಿ ಅವರೂ ಬಚ್ಚಲಿನಿಂದ ಹೊರಗೆ ಬರುವಾಗ ಹೆಸರು ಹೇಳತೊಡಗಿರುತ್ತಾರೆ.

ನನ್ನ ಹೆಸರು ಪಂಪಾಪತಿ. ಪೇಟೆ ಬೀದಿಯಲ್ಲಿ ಕನ್ನಡಕದ ಅಂಗಡಿ ಇಟ್ಟು ಮೂವತ್ತೊಂದು ವರ್ಷವಾಯಿತು. ಈ ಊರಿನ ಜನರ ಮೂಗಿನ ಮೇಲೆಯೇ ನನ್ನ ಸಂಸಾರ ನಡೆದಿದೆ ಎಂದರೂ ತಪ್ಪಲ್ಲ. ಒಬ್ಬರು ಎದುರಿಗೆ ಬಂದರೆ ನನಗೆ ಮೊದಲು ಕಾಣುವುದು ಅವರ ಮೂಗಿನ ಬುಡ ಎಷ್ಟು ಅಗಲವಿದೆ ಎಂಬುದು, ಆಮೇಲೆ ಎಡಕಿವಿ ಬಲಕಿವಿಗಿಂತ ಕೆಳಗಿದೆಯೋ ಮೇಲಿದೆಯೋ ಎಂಬುದು. ಹೆಸರು, ಮನೆತನ, ಸಂಬಂಧ ಎಲ್ಲ ಅದರ ನಂತರ. ಮುಖಗಳ ವಿಷಯದಲ್ಲಿ ನನ್ನಂಥ ಗಟ್ಟಿ ಆಸಾಮಿ ಈ ಊರಿನಲ್ಲಿ ಇನ್ನೊಬ್ಬನಿಲ್ಲ ಎಂಬ ಸೊಕ್ಕು ನನಗಿತ್ತು. ಆ ಸೊಕ್ಕು ಇಳಿದದ್ದು ಹೇಗೆ ಎಂದು ಹೇಳುತ್ತೇನೆ.

ಅದನ್ನು ನಮ್ಮಲ್ಲಿ ‘ಬಂದದ್ದು’ ಎನ್ನುತ್ತಾರೆ. ತಿಂಗಳಿಗೊಮ್ಮೆಯೋ ಎರಡು ತಿಂಗಳಿಗೊಮ್ಮೆಯೋ, ಮಧ್ಯಾಹ್ನದ ಊಟ ಮುಗಿದು ಪೇಟೆ ತೂಕಡಿಸುತ್ತಿರುವಾಗ, ಊರಿನ ಯಾವುದೋ ಒಂದು ಮೊಬೈಲಿಗೆ ಒಂದು ವಿಡಿಯೊ ಬಂದು ಕೂರುತ್ತದೆ. ಕಳಿಸಿದವರ ಹೆಸರಿಲ್ಲ, ನಂಬರಿಲ್ಲ. ವಿಡಿಯೊಗೂ ಹೆಸರಿಲ್ಲ, ಬರೀ ಅಂಕಿಗಳು. ಏಳು ನಿಮಿಷ ನಾಲ್ಕು ಸೆಕೆಂಡಿನದು. ಅಳಿಸಿದರೆ ಹೋಗುವುದಿಲ್ಲ. ಹೆದರಿ ಮೊಬೈಲನ್ನೇ ಬಾವಿಗೆ ಎಸೆದವರಿದ್ದಾರೆ. ಅವರು ಮನೆಗೆ ಬಂದು ಕಾಲು ತೊಳೆಯುವುದರೊಳಗೆ ಅದು ಪಕ್ಕದ ಮನೆಯವರ ಮೊಬೈಲಿಗೆ ಬಂದಿತ್ತು.

ಇಂಟರ್ನೆಟ್ಟಿನಲ್ಲಿ ಇದರ ಬಗ್ಗೆ ಬೇಕಾದಷ್ಟು ಕಥೆಗಳು ಓಡಾಡುತ್ತಿವೆಯಂತೆ. ನೋಡಿದವರು ಇಪ್ಪತ್ತು ದಿನದೊಳಗೆ ಸಾಯುತ್ತಾರೆ, ತಮ್ಮ ಕಣ್ಣು ತಾವೇ ಕಿತ್ತುಕೊಳ್ಳುತ್ತಾರೆ, ಬಾಗಿಲು ಹಾಕಿದ ಯಾವುದೋ ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಅದನ್ನು ತೆಗೆದದ್ದು, ತೆಗೆದವನು ಇನ್ನೂ ಪತ್ತೆಯಿಲ್ಲ, ಹೀಗೆ. ವರ್ಷಕ್ಕೆ ಒಂದೆರಡು ಸಲ ಪಟ್ಟಣದ ತರುಣರು ಬೈಕು ಹತ್ತಿ ಬರುತ್ತಾರೆ, ಹೋಟೆಲಿನಲ್ಲಿ ಮಿರ್ಚಿ ಮಂಡಕ್ಕಿ ತಿಂದು, ದನಿ ಇಳಿಸಿ ‘ಅಂಕಲ್, ಆ ಫೈಲ್ ಯಾರ ಹತ್ರ ಇದೆ?’ ಎಂದು ಕೇಳುತ್ತಾರೆ. ಯಾರೂ ಬಾಯಿ ಬಿಡುವುದಿಲ್ಲ. ಅವರು ಇದ್ದ ದಿನ ಅದು ಬರುವುದೂ ಇಲ್ಲ. ಕೊನೆಗೆ ಖಾಲಿ ಗೋದಾಮಿನ ಮುಂದೆ ನಿಂತು ತಾವೇ ಹೆದರಿಕೊಂಡು, ಹೆದರಿಕೊಂಡದ್ದನ್ನೇ ವಿಡಿಯೊ ಮಾಡಿಕೊಂಡು ಹೋಗುತ್ತಾರೆ.

ಸಾಯುವುದು ಗೀಯುವುದು ಏನೂ ಇಲ್ಲ. ನೋಡಿದವರಿಗೆ ಒಂದು ಮುಖ ಹೋಗುತ್ತದೆ. ವಿಡಿಯೊ ಶುರುವಾಗುವ ಮೊದಲು ಕೊನೆಯದಾಗಿ ಯಾರ ಮುಖ ನೋಡಿರುತ್ತಾರೋ ಆ ಮುಖ. ಆ ಮನುಷ್ಯನ ಹೆಸರು, ದನಿ, ಅವನ ಜೊತೆ ಉಂಡದ್ದು, ಜಗಳಾಡಿದ್ದು ಎಲ್ಲ ನೆನಪಿರುತ್ತದೆ, ಮುಖ ಮಾತ್ರ ಇರುವುದಿಲ್ಲ. ಎದುರಿಗೆ ನಿಂತವನನ್ನು ನೋಡಿ, ಕಣ್ಣು ಪಕ್ಕಕ್ಕೆ ತಿರುಗಿಸಿ, ಮತ್ತೆ ನೋಡಿದರೆ ಅವನು ಯಾರೋ ಹೊಸಬ. ಫೋಟೋದಲ್ಲೂ ಅಷ್ಟೆ. ಮೊದಲೇ ಗುರುತಿಲ್ಲದವರ ಮುಖ ಕೊಡೋಣವೆಂದು ಬಸ್‌ಸ್ಟ್ಯಾಂಡಿನಲ್ಲಿ ಪರಸ್ಥಳದವರನ್ನು ನೋಡಿಕೊಂಡು ಬಂದು ಕೂತವರುಂಟು. ಅದು ಅಂಥದ್ದನ್ನು ಮುಟ್ಟದೆ, ಅದಕ್ಕೂ ಮೊದಲು ನೋಡಿದ್ದ ಗುರುತಿನವರ ಮುಖವನ್ನೇ ತೆಗೆದುಕೊಂಡಿತು. ಒಬ್ಬ ಮಹಾಶಯ ಜಾಣತನ ಮಾಡಿ ಕನ್ನಡಿ ನೋಡಿಕೊಂಡು ಕೂತ. ಈಗ ಅವನು ಎಲ್ಲಿ ಕನ್ನಡಿ ಕಂಡರೂ ‘ಬರ್ರಿ, ಕುಂದರ್ರಿ’ ಎನ್ನುತ್ತಾನೆ, ಮನೆಯವರು ಅವನನ್ನು ಒಳಕೋಣೆಯಲ್ಲಿ ಇಟ್ಟಿದ್ದಾರೆ. ನನ್ನ ಅಂಗಡಿಯ ಕನ್ನಡಿಗೂ ಅಂದಿನಿಂದ ಬಟ್ಟೆ ಮುಚ್ಚಿದೆ.

ಯಾರೂ ನೋಡದೆ ಬಿಟ್ಟರೆ ಏನಾಗುತ್ತದೆ ಎಂಬುದೂ ನಮಗೆ ಗೊತ್ತು. ಅದು ಬರತೊಡಗಿದ ಎರಡನೆಯ ವರ್ಷ, ಒಂದು ಆಷಾಢದ ದಿನ, ನೀ ನೋಡು, ನೀ ನೋಡು ಎಂದು ದೊಡ್ಡವರು ಜಗಳಾಡುತ್ತಿರುವಾಗಲೇ ಹೊತ್ತು ಮುಳುಗಿತು. ಮುಳುಗಿದ್ದೇ ತಡ, ಊರಿನ ಎಲ್ಲ ಮೊಬೈಲು, ಎಲ್ಲ ಟಿವಿ, ಬಸ್‌ಸ್ಟ್ಯಾಂಡಿನ ಜಾಹೀರಾತಿನ ಪರದೆ, ಎಲ್ಲದರಲ್ಲೂ ಅದು ತಾನಾಗಿ ಶುರುವಾಯಿತು. ಶಾಲೆಯಿಂದ ಬಂದು, ತಾಯಿ ಕೊಟ್ಟ ಅವಲಕ್ಕಿ ತಿನ್ನುತ್ತ ಮಕ್ಕಳು ಟಿವಿ ಮುಂದೆ ಕೂತಿದ್ದ ಹೊತ್ತು. ಮೂವತ್ತೊಂದು ಮಕ್ಕಳಿಗೆ ತಾಯಿಯ ಮುಖ ಹೋಯಿತು. ಅದರಲ್ಲಿ ಒಂದು ಹುಡುಗಿ, ತಾಯಿ ತಲೆ ಬಾಚಲು ಬಂದಾಗಲೆಲ್ಲ ಮೂರು ವರ್ಷ ಚೀರುತ್ತಿದ್ದಳು. ಆ ಚೀರಾಟ ಕೇಳಿದವರು ಯಾರೂ ಮುಂದೆ ಪಾಳಿ ತಪ್ಪಿಸಲಿಲ್ಲ.

ಪಾಳಿ ಎಂದರೆ ವಾಚನಾಲಯದ ಹಾಳೆಪಟ್ಟಿ. ಮನೆಗೊಬ್ಬರಂತೆ ಸರತಿಯಲ್ಲಿ ಹೆಸರು ಬರೆದು, ಬಂದದ್ದು ಬಂದ ದಿನ ಯಾರ ಸರತಿಯೋ ಅವರನ್ನು ಕರೆಸುವ ಕೆಲಸ ನಿವೃತ್ತರಾದ ಕಮಲಾಕ್ಷಿ ಟೀಚರ್ ಅವರದು. ಹೆಸರಿನ ಮುಂದೆ ಇನ್ನೊಂದು ಕಾಲಮ್ಮು ಇದೆ, ‘ಎದುರು ಕೂಡುವವರು’ ಎಂದು. ನೋಡುವವನಿಗೆ ಯಾರ ಮುಖ ಹೋದರೆ ನಡೆದೀತೋ ಅವರನ್ನು ಮೊದಲೇ ಒಪ್ಪಿಸಿ ಬರೆಸಿರಬೇಕು. ವಾಚನಾಲಯದ ಹಿಂದಿನ ಕೋಣೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ, ಹೊರಗಿನಿಂದ ಅಗುಳಿ ಹಾಕುತ್ತಾರೆ. ಒಂದು ಊದಿನಕಡ್ಡಿ ಉರಿದು ಮುಗಿಯುವವರೆಗೆ ಒಬ್ಬರ ಮುಖ ಒಬ್ಬರು ನೋಡುತ್ತಿರಬೇಕು. ಕಡ್ಡಿ ಮುಗಿದ ಮೇಲೆ ಎದುರು ಕೂತವರು ಟವೆಲಿನಿಂದ ಕಣ್ಣು ಕಟ್ಟಿಕೊಳ್ಳುತ್ತಾರೆ, ನೋಡುವವನು ಮೊಬೈಲು ತೆಗೆಯುತ್ತಾನೆ.

ಹಿಂದೆಲ್ಲ ಇದಕ್ಕೆ ತುಂಗವ್ವ ಎಂಬ ಮುದುಕಿ ಇದ್ದಳು. ‘ನನ್ನ ಮಾರಿ ತಗೊಂಡು ಏನ್ ಮಾಡತೀರಿ, ತಗೋರಿ, ಹೆಂಗೂ ಸುಟ್ಟ ಬದನಿಕಾಯಿ ಆಗೇತಿ’ ಎಂದು ನಗುತ್ತ ಬಂದು ಕೂರುತ್ತಿದ್ದಳು. ಇಪ್ಪತ್ತಾರು ಜನರಿಗೆ ಮುಖ ಕೊಟ್ಟಿದ್ದಳು. ಆಮೇಲಾಮೇಲೆ ಅವಳು ಬೀದಿಯಲ್ಲಿ ನಡೆದರೆ ಮಾತಾಡಿಸುವವರೇ ಇರಲಿಲ್ಲ, ತಾನೇ ಪ್ರತಿ ಬಾಗಿಲಲ್ಲೂ ನಿಂತು ‘ನಾ ತುಂಗವ್ವ’ ಎಂದು ಹೇಳಿಕೊಂಡು ಹೋಗುತ್ತಿದ್ದಳು. ಅವಳು ಸತ್ತ ಮೇಲೆ ಊರಿಗೆ ದಿಕ್ಕು ತಪ್ಪಿತು. ಆಗಲೇ ಜನ ಜಗಳಗಳನ್ನು ಕಾಯ್ದಿಟ್ಟುಕೊಳ್ಳತೊಡಗಿದ್ದು.

ಇದು ನಮ್ಮೂರಿನವರಿಗೆ ಮಾತ್ರ ತಿಳಿಯುವ ವಿದ್ಯೆ. ಎಲ್ಲ ಕಡೆ ಜನ ಜಗಳವಾಡಿ ರಾಜಿಯಾಗುತ್ತಾರೆ, ನಮ್ಮಲ್ಲಿ ಒಂದು ಒಳ್ಳೆಯ ಜಗಳವನ್ನು ಯಾರೂ ಸುಮ್ಮನೆ ಮುಗಿಸುವುದಿಲ್ಲ. ಪಾಳಿ ಬಂದಾಗ ಮುಖ ಕೊಡಲು ಒಬ್ಬ ಹಗೆಯಾದರೂ ಬೇಕಲ್ಲ. ಇಬ್ಬರಿಗೂ ಅದರಿಂದ ಅನುಕೂಲ, ಇವನ ಪಾಳಿಗೆ ಅವನು ಕೂರುತ್ತಾನೆ, ಅವನ ಪಾಳಿಗೆ ಇವನು. ‘ನಿನ್ನ ಮಾರಿ ನೋಡೂದಿಲ್ಲ ಹೋಗು’ ಎಂದು ಅಂಗಳದಲ್ಲಿ ನಿಂತು ಕೂಗಿದವನು ಒಳಗೆ ಬಂದು ಹೆಂಡತಿಗೆ ‘ಒಂದು ವ್ಯವಸ್ಥಾ ಆತು ನೋಡು’ ಎಂದು ಹೇಳುವುದನ್ನು ನಾನೇ ಕೇಳಿದ್ದೇನೆ.

ನನಗೂ ಅಂಥ ವ್ಯವಸ್ಥೆ ಇತ್ತು. ನನ್ನ ಒಡಹುಟ್ಟಿದ ಅಣ್ಣ, ನಾಗಲಿಂಗ. ನನ್ನ ಅಂಗಡಿಯ ಎದುರಿಗೇ ಅವನ ಹಿಟ್ಟಿನ ಗಿರಣಿ. ನಮ್ಮ ಅವ್ವ ತೀರಿಕೊಂಡಾಗ ನಾನು ಲೆನ್ಸು ತರಲು ಪಟ್ಟಣಕ್ಕೆ ಹೋಗಿದ್ದೆ. ಸುದ್ದಿ ಸಿಕ್ಕಿ, ಬಸ್ಸು ಕೆಟ್ಟು, ಲಾರಿ ಹತ್ತಿ ಬರುವಷ್ಟರಲ್ಲಿ ಮಣ್ಣು ಮಾಡಿ ಜನ ಸ್ನಾನಕ್ಕೆ ಹೋಗಿದ್ದರು. ಊರಿನವರ ಮುಖ ನೋಡಿಕೊಂಡೇ ಬದುಕಿದ ನನಗೆ ನನ್ನ ಹೆತ್ತವಳ ಮುಖ ಕೊನೆಗೆ ಒಮ್ಮೆ ನೋಡಲು ಸಿಗಲಿಲ್ಲ. ಅಣ್ಣನ ಅಂಗಿ ಹಿಡಿದು ‘ಯಾಕ ಕಾಯಲಿಲ್ಲ?’ ಎಂದು ಕೇಳಿದೆ. ಅವನು ನನ್ನ ಕೈ ಬಿಡಿಸಿ, ‘ನೀ ಏನ್ ಮಹಾರಾಜನ, ನಿನಗ ಕಾಯಾಕ?’ ಎಂದ. ಅಷ್ಟೇ ಮಾತು. ಒಂಬತ್ತು ವರ್ಷ ನಡುವೆ ಒಂದು ರಸ್ತೆ ಇಟ್ಟುಕೊಂಡು ನಾವು ಮಾತಾಡಲಿಲ್ಲ. ಬೆಳಿಗ್ಗೆ ಅವನ ಗಿರಣಿಯ ಸದ್ದು ಶುರುವಾದರೆ ನಾನು ಅಂಗಡಿಯ ಬಾಗಿಲು ತೆಗೆಯುತ್ತಿದ್ದೆ, ಅದು ನಿಂತರೆ ಹಾಕುತ್ತಿದ್ದೆ. ಅವನು ಹೊರಗೆ ಬಂದರೆ ನಾನು ತಲೆ ತಗ್ಗಿಸಿ ಕನ್ನಡಕದ ತಿರುಪು ಬಿಗಿಯುತ್ತಿದ್ದೆ. ರೆಪ್ಪೆ, ಹುಬ್ಬು, ಮೀಸೆ ಎಲ್ಲ ಹಿಟ್ಟು ಮೆತ್ತಿಕೊಂಡ ಒಂದು ಬಿಳಿ ಆಕೃತಿ ಕಣ್ಣಂಚಿನಲ್ಲಿ ಹಾದು ಹೋಗುತ್ತಿತ್ತು.

ಅವನ ಹೆಂಡತಿ ಸತ್ತ ದಿನ ನಾನು ಚಪ್ಪಲಿ ಮೆಟ್ಟಿ ರಸ್ತೆಯ ನಡುವಿನವರೆಗೆ ಹೋಗಿದ್ದೆ. ಅಲ್ಲಿ ನಿಂತಾಗ ನನ್ನ ಹಾಳು ತಲೆಗೆ ಹೊಳೆದದ್ದು ಪಾಳಿಯ ವಿಚಾರ. ಇವತ್ತು ಹೋಗಿ ತಬ್ಬಿಕೊಂಡು ಅತ್ತರೆ ನಾಳೆ ಪಾಳಿ ಬಂದಾಗ ಯಾರನ್ನು ಕೂರಿಸಲಿ? ತಿರುಗಿ ಬಂದೆ. ದಾಕ್ಷಾಯಣಿ, ನನ್ನ ಹೆಂಡತಿ, ಒಬ್ಬಳೇ ಹೋಗಿ ಅಲ್ಲಿ ಅಡುಗೆ ಮಾಡಿ ಬಡಿಸಿ ಬಂದಳು. ಮನೆಗೆ ಬಂದು ನನ್ನ ಜೊತೆ ಎರಡು ದಿನ ಮಾತಾಡಲಿಲ್ಲ.

ಕಮಲಾಕ್ಷಿ ಟೀಚರ್ ಹಾಳೆಪಟ್ಟಿ ಹಿಡಿದುಕೊಂಡು ಬಂದು, ‘ಮುಂದಿನದು ನಿಮ್ಮ ಪಾಳಿರೀ ಪಂಪಣ್ಣಾರ, ಎದುರಿಗೆ ಯಾರು?’ ಎಂದು ಕೇಳಿದಾಗ ನಾನು ಲೆನ್ಸು ಒರೆಸುತ್ತಲೇ ಹೇಳಿದೆ: ‘ನಾಗಲಿಂಗನ ಹೆಸರು ಬರ್ಕೋರಿ. ನಾ ಅವನ ಮಾರಿ ನೋಡೂದು ಬಿಟ್ಟು ಒಂಬತ್ತು ವರ್ಷ ಆತು.’

ಟೀಚರ್ ಪೆನ್ನು ತಡೆದರು. ‘ಒಮ್ಮೆ ಬರದ್ರ ಬದಲ ಮಾಡಾಕ ಬರೂದಿಲ್ಲ.’

‘ಬರೀರಿ.’

ಒಳಗಿನಿಂದ ದಾಕ್ಷಾಯಣಿ ಬಂದಳು. ‘ಬ್ಯಾಡ್ರಿ ಟೀಚರ್. ಬೇಕಾದ್ರ ನಾ ಕುಂದರತೀನಿ.’

‘ನೀ ಸುಮ್ನಿರು’ ಎಂದೆ. ಟೀಚರ್ ರಸ್ತೆ ದಾಟಿ ಗಿರಣಿಗೆ ಹೋದರು. ಅವನು ಬೇಡವೆನ್ನಬಹುದಿತ್ತು, ಹಾಗೆ ಎನ್ನುವ ಹಕ್ಕು ಯಾರಿಗೂ ಇದೆ. ಎರಡೇ ನಿಮಿಷದಲ್ಲಿ ಸಹಿ ಹಾಕಿಸಿಕೊಂಡು ಟೀಚರ್ ಹೊರಗೆ ಬಂದರು.

ಹನ್ನೆರಡು ದಿನ ಕಳೆದು, ಒಂದು ಬುಧವಾರ, ಮೂರು ಗಂಟೆಗೆ ಅದು ಬಂತು. ಬಳೆ ಅಂಗಡಿಯವನ ಮೊಬೈಲಿಗೆ ಬಂದಿತ್ತು. ಅವನು ಅದನ್ನು ಕರವಸ್ತ್ರದಲ್ಲಿ ಸುತ್ತಿ ವಾಚನಾಲಯಕ್ಕೆ ತಂದುಕೊಟ್ಟ. ನಾನು ಅಂಗಡಿ ಹಾಕಿ ಐದೂವರೆಯ ಹೊತ್ತಿಗೆ ಹೋದಾಗ ಅಣ್ಣ ಆಗಲೇ ಒಳಗೆ ಕೂತಿದ್ದ. ಟೀಚರ್ ಊದಿನಕಡ್ಡಿ ಹಚ್ಚಿ, ಅಗುಳಿ ಹಾಕಿಕೊಂಡು ಹೋದರು.

ನಾನು ತಲೆ ಎತ್ತಿ ನೋಡಿದೆ, ಒಂಬತ್ತು ವರ್ಷದ ಮೇಲೆ. ಅವನು ಮುಖ ತೊಳೆದುಕೊಂಡು ಬಂದಿದ್ದ. ಹಿಟ್ಟಿನ ಗುರುತೂ ಇರಲಿಲ್ಲ. ಅಣ್ಣ ಮುದುಕನಾಗಿದ್ದ. ಮುಂದಿನ ಒಂದು ಹಲ್ಲು ಇರಲಿಲ್ಲ. ಬಲಗಣ್ಣಿನಲ್ಲಿ ಪೊರೆ ಬಂದಿತ್ತು. ಎದುರಿನ ಅಂಗಡಿಯಲ್ಲೇ ಇದ್ದೂ ಅದು ನನಗೆ ಗೊತ್ತಿರಲಿಲ್ಲ. ಎಡಕಿವಿ ಬಲಕಿವಿಗಿಂತ ಒಂದು ಕೂದಲೆಳೆ ಕೆಳಗೆ, ಅವ್ವನದೂ ಹಾಗೆಯೇ ಇತ್ತು. ಕಡ್ಡಿ ಅರ್ಧ ಉರಿಯಿತು. ಆಮೇಲೆ ನನಗೆ ತಡೆಯಲಾಗಲಿಲ್ಲ.

‘ಕಣ್ಣು ಯಾವಾಗಿಂದ ಹಂಗಾಗೇತಿ?’ ಎಂದೆ.

‘ಎರಡು ವರ್ಷ ಆತು.’

‘ಎದುರಿಗೆ ಅಂಗಡಿ ಐತಿ. ಬರಾಕ ಏನಾಗಿತ್ತು?’

ಅವನು ನಕ್ಕ. ಹಲ್ಲಿಲ್ಲದ ಸಂದಿಯಿಂದ ಗಾಳಿ ಬಂತು. ‘ಬಂದಿದ್ರ ನೀ ಮಾತಾಡಿಸ್ತಿದ್ದಿ. ಮಾತಾಡಿಸಿದ್ರ ರಾಜಿ ಆಗತಿತ್ತು. ರಾಜಿ ಆದ್ರ ನಿನ್ನ ಪಾಳಿಗೆ ಯಾರನ್ನ ಕುಂದ್ರಸ್ತಿದ್ದಿ? ಆ ಹುಡುಗೀನ, ದಾಕ್ಷಾಯಣೀನ?’ ಎಂದ. ‘ಅದಕ್ಕ ನಾನೂ ಜಗಳಾ ಕಾಯ್ಕೊಂಡು ಬಂದೆ.’

‘ಅವ್ವನ ಮಣ್ಣಿಗೆ ನನಗ ಯಾಕ ಕಾಯಲಿಲ್ಲ ಅಣ್ಣಾ?’ ಎಂದು ಕೇಳಿದೆ. ಒಂಬತ್ತು ವರ್ಷದ ಹಿಂದೆ ಕೇಳಿದ್ದೇ ಪ್ರಶ್ನೆ, ಆದರೆ ಈ ಸಲ ಮಗುವಿನ ದನಿಯಲ್ಲಿ ಬಂತು.

‘ಕಾದ್ನೆಪಾ. ಮೂರು ತಾಸು ಆಕಿ ಕೈ ಹಿಡ್ಕೊಂಡು ಕುಂತಿದ್ದೆ. ಎಂಥಾ ಬ್ಯಾಸಗಿ ಅದು. ಮಾರಿ ಬಾತು, ಬಣ್ಣ ತಿರಗಾಕ ಹತ್ತಿತ್ತು. ಪಂಪ್ಯಾ ಇದನ್ನ ನೋಡಬಾರದು, ಅಂವಗ ಮಾರಿ ಮರಿಯಾಕ ಬರೂದಿಲ್ಲ ಅಂತ ನಾನಽ ಹೇಳಿ ಮಣ್ಣು ಹಾಕಿಸಿದೆ.’

‘ಅದನ್ನ ಅವತ್ತಽ ಹೇಳಬಾರದಿತ್ತೇನೋ?’

‘ನೀ ಅಂಗಿ ಹಿಡದಿದ್ದಿ. ನನಗೂ ಸಿಟ್ಟು ಬಂತು.’

ನಾನು ಎದ್ದು ಬಾಗಿಲು ಬಡಿದೆ. ‘ಟೀಚರ್, ಬಾಗಿಲಾ ತಗೀರಿ, ಬ್ಯಾರೆ ಯಾರನ್ನರ ಕುಂದ್ರಸ್ರಿ’ ಎಂದು ಕೂಗಿದೆ. ಹೊರಗಿನಿಂದ ಟೀಚರ್ ಅಳುತ್ತಿದ್ದದ್ದು ಕೇಳಿಸಿತು. ಅವರು ಬಾಗಿಲು ತೆಗೆಯಲಿಲ್ಲ. ಕಿಟಕಿಯ ಬಿಸಿಲು ಕೆಂಪಾಗಿ ಗೋಡೆ ಹತ್ತಿತ್ತು. ಅಣ್ಣ ಹಿಂದಿನಿಂದ ನನ್ನ ಹೆಗಲ ಮೇಲೆ ಕೈ ಇಟ್ಟು ತಿರುಗಿಸಿದ. ‘ಹುಚ್ಚರಂಗ ಮಾಡಬ್ಯಾಡ. ಹೊತ್ತು ಮುಣಗಾಕ ಬಂತು. ಮಕ್ಕಳು ಸಾಲಿಯಿಂದ ಬಂದಾವು. ಕುಂದ್ರು, ನನ್ನ ನೋಡು.’

ಕೂತೆ. ನೋಡಿದೆ. ಕಣ್ಣೀರು ಬಂದರೆ ಒರೆಸಿಕೊಂಡು ನೋಡಿದೆ. ಮೂಗಿನ ಬುಡ ಹದಿನೆಂಟು ಮಿಲಿಮೀಟರು ಅಗಲ, ಹಣೆಯಲ್ಲಿ ಮೂರು ಗೆರೆ, ಗದ್ದದ ಕೆಳಗೆ ಚಿಕ್ಕಂದಿನಲ್ಲಿ ನಾನು ಬುಗುರಿ ಹೊಡೆದ ಕಲೆ. ಎಲ್ಲವನ್ನೂ ಬಾಯಿಪಾಠ ಮಾಡಿದೆ. ಕಡ್ಡಿಯ ಕೊನೆಯ ಬೂದಿ ಬಿತ್ತು. ಅವನು ಹೆಗಲಿನ ಟವೆಲು ತೆಗೆದು ಕಣ್ಣಿಗೆ ಕಟ್ಟಿಕೊಂಡು, ಗೋಡೆಯ ಕಡೆ ತಿರುಗಿ ಕೂತ.

ಬಂದದ್ದರಲ್ಲಿ ಇರುವುದು ಒಂದು ಕೋಣೆ. ಸುಣ್ಣ ಉದುರಿದ ಗೋಡೆ, ಹಳದಿ ಬಲ್ಬು, ಒಂದು ಕಬ್ಬಿಣದ ಕುರ್ಚಿ. ಕುರ್ಚಿಯಲ್ಲಿ ಒಬ್ಬರು ನಮಗೆ ಬೆನ್ನು ಕೊಟ್ಟು ಕೂತಿರುತ್ತಾರೆ. ಅವರಾಚೆ, ಬೆಳಕು ಸರಿಯಾಗಿ ತಲುಪದ ಕಡೆ, ಗೋಡೆಗುಂಟ ನೆಲದ ಮೇಲೆ ಜನ ಸಾಲಾಗಿ ಕೂತಿದ್ದಾರೆ. ಅವರೂ ಗೋಡೆಯ ಕಡೆಗೇ ಮುಖ ಮಾಡಿದ್ದಾರೆ. ಬಾಯಿ ಮುಚ್ಚಿಕೊಂಡು ಯಾರೋ ಮಾತಾಡುತ್ತಿರುವಂಥ ಒಂದು ಸದ್ದು ಬಿಟ್ಟರೆ ಬೇರೇನೂ ಕೇಳುವುದಿಲ್ಲ. ಐದು ನಿಮಿಷ ಏನೂ ಆಗುವುದಿಲ್ಲ. ಆರನೆಯ ನಿಮಿಷಕ್ಕೆ ಕುರ್ಚಿಯಲ್ಲಿದ್ದವರು ನಿಧಾನವಾಗಿ ತಿರುಗತೊಡಗುತ್ತಾರೆ. ಕೊನೆಯ ನಾಲ್ಕು ಸೆಕೆಂಡು ಪೂರ್ತಿ ಮುಖ ಕಾಣುತ್ತದೆ. ಅಣ್ಣನ ಮುಖ. ಅವನು ಅವತ್ತು ತೊಳೆದುಕೊಂಡು ಬಂದಿದ್ದರೂ ಅದರ ರೆಪ್ಪೆಗಳ ಮೇಲೆ ಹಿಟ್ಟಿತ್ತು. ಅದು ನನ್ನನ್ನೇ ನೋಡಿತು, ಏನೋ ಹೇಳಲು ಬಾಯಿ ತೆರೆಯಿತು. ಅಲ್ಲಿಗೆ ಮುಗಿಯಿತು.

ಮೊಬೈಲು ಕೆಳಗಿಟ್ಟೆ. ಗೋಡೆಯ ಕಡೆ ತಿರುಗಿ ಕೂತಿದ್ದ ಮನುಷ್ಯ ಟವೆಲು ಬಿಚ್ಚಿ ನನ್ನ ಕಡೆ ತಿರುಗಿದ. ಯಾರೋ ಒಬ್ಬ ಮುದುಕ. ಸಭ್ಯನಂತೆ ಕಾಣುತ್ತಿದ್ದ.

‘ಆತೇನು ಪಂಪ್ಯಾ?’ ಎಂದ, ನನ್ನ ಅಣ್ಣನ ದನಿಯಲ್ಲಿ.

ಆಮೇಲೆ ಎರಡು ವರ್ಷ ಅಣ್ಣ ದಿನಾ ಸಂಜೆ ನಮ್ಮ ಮನೆಗೆ ಬಂದ. ಹೊಸ್ತಿಲ ಹೊರಗೆ ನಿಂತು ಕೆಮ್ಮಿ, ‘ನಾ ನಾಗಲಿಂಗ, ನಿಮ್ಮಣ್ಣ’ ಎಂದು ಹೇಳುತ್ತಿದ್ದ. ನಾನು ಅವನ ಪೊರೆ ತೆಗೆಸಿ, ಒಳ್ಳೆಯ ಕನ್ನಡಕ ಮಾಡಿಕೊಟ್ಟೆ. ಮೂಗಿನ ಅಳತೆಯನ್ನು ಕೈಯಿಂದ ಮುಟ್ಟಿ ತೆಗೆದುಕೊಂಡೆ. ಗುರುತಿಗೆ ಇರಲಿ ಎಂದು ಅವನು ಸದಾ ಕೆಂಪು ಟವೆಲು ಹೊದೆಯತೊಡಗಿದ. ಅದನ್ನು ನಂಬಿ ನಾನು ಸಂತೆಯಲ್ಲಿ ಒಬ್ಬ ಎಮ್ಮೆ ದಲ್ಲಾಳಿಯ ಹೆಗಲಿಗೆ ಕೈ ಹಾಕಿ, ‘ಮನಿಗೆ ನಡಿಯೋ ಅಣ್ಣಾ’ ಎಂದು ಎಳೆದುಕೊಂಡು ಹೊರಟಿದ್ದೆ. ದಾಕ್ಷಾಯಣಿ ಹೊಟ್ಟೆ ಹಿಡಿದುಕೊಂಡು ನಕ್ಕಳು, ಅಣ್ಣನೂ ನಕ್ಕ. ಕಣ್ಣು ಮುಚ್ಚಿಕೊಂಡು ಅವನ ಮಾತು ಕೇಳುತ್ತ ಕೂರುವುದು ನನಗೆ ರೂಢಿಯಾಯಿತು. ಕಣ್ಣು ಮುಚ್ಚಿದರೆ ಅವನು ಅಣ್ಣ, ತೆರೆದರೆ ಯಾರೋ ನೆಂಟ. ಹಾಗೂ ಬದುಕಬಹುದು. ನಮ್ಮೂರಿನಲ್ಲಿ ಎಷ್ಟೋ ಜನ ಹಾಗೆಯೇ ಬದುಕಿದ್ದಾರೆ.

ಹಿಟ್ಟಿನ ಧೂಳು ಅವನ ಎದೆಯನ್ನು ತಿಂದಿತ್ತು. ಕಳೆದ ವರ್ಷ ಮಾಘದಲ್ಲಿ ಅವನು ಹೋದ. ಈ ಸಲ ನಾನು ಊರಲ್ಲೇ ಇದ್ದೆ. ಅವನ ಅಂಗಳದಲ್ಲಿ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಜನ ದಾರಿ ಬಿಟ್ಟರು. ‘ಬಾ ಪಂಪಣ್ಣಾ, ಅಣ್ಣನ ಮಾರಿ ನೋಡು, ಇನ್ನ ಸಿಗೂದಿಲ್ಲ’ ಎಂದು ಯಾರೋ ಹಿರಿಯರು ಕೈ ಹಿಡಿದು ಮುಂದೆ ಕರೆದುಕೊಂಡು ಹೋದರು. ಅವರಿಗೆ ಆ ಕ್ಷಣ ಮರೆತಿತ್ತು. ನೋಡಿದೆ. ಒಬ್ಬ ಸತ್ತ ಮನುಷ್ಯ ಕೂತಿದ್ದ. ನನಗೆ ಅಳು ಬರಲಿಲ್ಲ. ದನಿಯೊಂದೇ ನನಗೆ ಉಳಿದಿದ್ದದ್ದು, ಅದು ಅವನಲ್ಲಿ ಇರಲಿಲ್ಲ. ಎಲ್ಲರೂ ನೋಡುತ್ತಿರುವಾಗಲೇ ಎರಡು ಬೆರಳಿನಿಂದ ಅವನ ಮೂಗಿನ ಬುಡ ಮುಟ್ಟಿ ನೋಡಿದೆ. ತಣ್ಣಗಿತ್ತು. ಬೆರಳಿಗೂ ಗುರುತು ಹತ್ತಲಿಲ್ಲ. ಅಪರಿಚಿತನೊಬ್ಬನಿಗೆ ಮೂರು ಹಿಡಿ ಮಣ್ಣು ಹಾಕಿ ಮನೆಗೆ ಬಂದೆ.

ಮನೆಗೆ ಬಂದು ಗೋಡೆ ನೋಡುತ್ತ ಕೂತಾಗ ನನಗೊಂದು ವಿಚಾರ ಹೊಳೆಯಿತು. ಈ ಭೂಮಿಯ ಮೇಲೆ ಅಣ್ಣನ ಮುಖ ನನಗೆ ಇನ್ನು ಎಲ್ಲೂ ಕಾಣುವಂತಿಲ್ಲ. ಆದರೆ ನಾನು ಅದನ್ನು ಕೊನೆಯ ಸಲ ಕಂಡ ಜಾಗ ಒಂದಿದೆ. ಆ ಗೋಡೆಗುಂಟ ಸಾಲಾಗಿ ಕೂತವರು ಯಾರು? ಕುರ್ಚಿಯಿಂದ ಎದ್ದವರು ಎಲ್ಲಿಗೆ ಹೋಗುತ್ತಾರೆ?

ಅಂದಿನಿಂದ ನಾನು ಬೇರೆಯವರ ಪಾಳಿ ತೆಗೆದುಕೊಳ್ಳತೊಡಗಿದೆ. ಎದುರು ಕೂಡುವವರನ್ನು ನಾನೇ ಹುಡುಕಿ ತರಬೇಕು ಎಂಬ ಷರತ್ತಿನ ಮೇಲೆ ಟೀಚರ್ ಒಪ್ಪಿದರು. ಮೊದಲು ಒಬ್ಬ ರೋಗಿಯದು, ಆಮೇಲೆ ಒಬ್ಬ ವಿಧವೆಯದು, ಹೀಗೆ. ಬಳೆ ಅಂಗಡಿಯವನು ಎದುರು ಕೂತ. ಅವನ ಮುಖ ಹೋಯಿತು, ಗೋಡೆಗುಂಟ ಕೂತ ಆ ಸಾಲಿನಲ್ಲಿ ಯಾರೂ ಅಲ್ಲಾಡಲಿಲ್ಲ. ಸೋದರತ್ತೆಯ ಮಗ ಕೂತ. ಚಿಕ್ಕಂದಿನಲ್ಲಿ ಒಟ್ಟಿಗೆ ಈಜಿದವನು. ಆ ಸಲ ಎಡದಿಂದ ಮೂರನೆಯ ಮನುಷ್ಯ ಸ್ವಲ್ಪ ತಲೆ ಎತ್ತಿದ ಹಾಗಾಯಿತು. ಕಮಲಾಕ್ಷಿ ಟೀಚರ್ ತಾವೇ ಬಂದು ಕೂತರು. ನನಗೆ ಅಕ್ಷರ ಕಲಿಸಿದವರು. ಅವರ ಮುಖ ಹೋದ ದಿನ ಆ ಮೂರನೆಯವನ ಭುಜ ನನ್ನ ಕಡೆ ತಿರುಗಿತು, ಕಿವಿ ಕಂಡಿತು. ಎಡಕಿವಿ. ನನಗೆ ಪ್ರಿಯವಾದ ಮುಖ ಕೊಟ್ಟಷ್ಟೂ ಅವನು ತಿರುಗುತ್ತಾನೆ ಎಂಬುದು ನನಗೆ ಖಾತ್ರಿಯಾಯಿತು. ಇದು ಸುಳ್ಳೂ ಇರಬಹುದು. ಬೈಕಿನಲ್ಲಿ ಬರುವ ಆ ತರುಣರ ಹಾಗೆ ನಾನೂ ಒಂದು ಕಥೆ ಕಟ್ಟಿಕೊಂಡು ಅದನ್ನೇ ನಂಬುತ್ತಿರಬಹುದು. ಗೊತ್ತಿದ್ದೂ ಬಿಡಲಾಗುತ್ತಿಲ್ಲ. ಊರಿನವರು ಮಾತ್ರ ನನ್ನನ್ನು ತುಂಗವ್ವನ ಹೆಸರು ಹೇಳಿ ಹೊಗಳುತ್ತಾರೆ. ನಾನು ಬೀದಿಯಲ್ಲಿ ಬಂದರೆ ಹೆಂಗಸರು ಎದ್ದು ನಿಲ್ಲುತ್ತಾರೆ. ಆಗೆಲ್ಲ ನನಗೆ ಭೂಮಿ ಬಾಯಿ ಬಿಡಬಾರದೇ ಎನ್ನಿಸುತ್ತದೆ.

ಇವತ್ತು ಎರಡೂವರೆಗೆ ಅದು ಬಂತು. ಪಾಳಿ ಇದ್ದದ್ದು ಓಣಿಯ ಕೊನೆಯ ಮನೆಯ ಶಾಂಭವಿಯದು. ಅವಳಿಗೆ ಆರು ತಿಂಗಳ ಕೂಸಿದೆ. ನಾನೇ ಹೋಗಿ, ನಿನ್ನ ಪಾಳಿ ನನಗಿರಲಿ ತಂಗಿ ಎಂದೆ. ಅವಳು ಕೂಸನ್ನು ನನ್ನ ಕಾಲ ಮೇಲೆ ಹಾಕಿ ಅತ್ತಳು. ಮನೆಗೆ ಬಂದು ದಾಕ್ಷಾಯಣಿಗೆ ಹೇಳಿದೆ: ‘ಎದುರಿಗೆ ಕುಂದರಾಕ ಯಾರೂ ಉಳದಿಲ್ಲ.’

ಅವಳು ಅಕ್ಕಿ ಆರಿಸುತ್ತಿದ್ದಳು. ಮೊರ ಪಕ್ಕಕ್ಕಿಟ್ಟಳು. ‘ನಾ ಅದೀನಲ್ರಿ’ ಎಂದಳು. ಕೈಗೆ ಹತ್ತಿದ ತೌಡು ಕೊಡವಿ, ‘ಪುಣ್ಯೇದ ಕೆಲಸ, ಆ ಕೂಸಿನ ಸಲವಾಗಿ. ದನಿ ಇರತೈತಲ್ಲ, ದಿನಾ ಹೆಸರು ಹೇಳತೀನಿ ಬಿಡ್ರಿ’ ಎಂದಳು. ಮೂವತ್ತಮೂರು ವರ್ಷ ನನ್ನ ಜೊತೆ ಸಂಸಾರ ಮಾಡಿದ ಹೆಂಗಸು. ಅವಳ ಮುಂದೆ ಬಾಯಿ ತೆರೆದು ನಿಜ ಹೇಳಲು ನನಗೆ ಒಂದು ನಿಮಿಷ ಸಾಕಿತ್ತು. ಹೇಳಲಿಲ್ಲ.

ಅವಳು ಒಳಗೆ ಹೋಗಿ ಮುಖ ತೊಳೆದುಕೊಂಡಳು. ಟ್ರಂಕು ತೆಗೆದ ಸದ್ದು ಕೇಳಿಸಿತು. ‘ರೀ, ಯಾವ ಸೀರಿ ಉಡ್ಲಿ? ನೀವು ನನ್ನ ಹಿಂಗ ನೋಡೂದು ಇದಽ ಕಡೀದಲ್ಲ’ ಎಂದು ಒಳಗಿನಿಂದ ಕೇಳಿದಳು. ಹಸಿರಿನದು ಉಡು ಎಂದೆ. ಹೊರಗೆ ಬಿಸಿಲು ಇಳಿಯುತ್ತಿತ್ತು. ನಾನು ಎಡದಿಂದ ಮೂರನೆಯವನ ಬಗ್ಗೆ ಯೋಚಿಸುತ್ತಿದ್ದೆ. ಇವತ್ತು ಅವನು ಪೂರ್ತಿ ತಿರುಗುತ್ತಾನೆ, ಅಣ್ಣನೇ ಆಗಿರುತ್ತಾನೆ, ಅವತ್ತು ಹೇಳಲು ಬಾಯಿ ತೆರೆದದ್ದನ್ನು ಹೇಳುತ್ತಾನೆ. ದಾಕ್ಷಾಯಣಿ ಹೊರಗೆ ಬಂದು ನಡುಮನೆಯಲ್ಲಿ ನಿಂತು, ಸೆರಗು ಸರಿಮಾಡಿಕೊಂಡು, ‘ಚಂದ ಕಾಣತೀನೇನ್ರೀ?’ ಎಂದು ಕೇಳಿದಳು.

ಹೂಂ ಎಂದೆ. ಹೇಳಿದ ಮೇಲೆ ಗೊತ್ತಾಯಿತು, ನಾನು ಅವಳ ಕಡೆ ನೋಡಿಯೇ ಇರಲಿಲ್ಲ.